ಓಣಿ ದಾಟದ ಕಾರು

"ಅಜ್ಜಾರ, ಕಷ್ಟಪಟ್ಟು ಗಳಿಸಿದ ಶಾಂತಿ ಕೆಡದಂಗ ಕಾಯೋದು ಹೆಂಗ್ರಿ?"

ಅಡವೀಶನೆಂಬ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಕೈ ನಿಲ್ಲಲಿಲ್ಲ. ಈಗ ಅದನ್ನು ಯಾರು ಕೆಡಿಸಲು ಬಂದಿದ್ದಾರೆ ಎಂದಷ್ಟೇ ವಿಚಾರಿಸಿದರು.

ಅಡವೀಶ ಇದ್ದದ್ದನ್ನು ಹೇಳಿದ. ಅವನಿಗೊಬ್ಬ ಅಣ್ಣ. ತಂಗಿಯ ಮದುವೆ ಮಾತುಕತೆಯ ದಿನ ಆ ಅಣ್ಣ ಬೀಗರೆಲ್ಲರ ಎದುರು ಇವನನ್ನು ಕೆಲಸಕ್ಕೆ ಬಾರದವನು ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಅಡವೀಶ ಮಠ ಸೇರಿದ್ದು. ಜಪ ಮಾಡುತ್ತ, ದಾಸೋಹದಲ್ಲಿ ಬಡಿಸುತ್ತ ವರ್ಷಗಳು ಕಳೆದವು, ಸಿಟ್ಟೂ ತಣ್ಣಗಾಯಿತು. ಈಗ ಅಣ್ಣ ಹಾಸಿಗೆ ಹಿಡಿದಿದ್ದಾನೆ. ಒಮ್ಮೆ ಬಂದು ಮುಖ ತೋರಿಸಿ ಹೋಗು ಎಂದು ಹೇಳಿ ಕಳಿಸಿದ್ದಾನೆ. ಊರು ಒಂದು ಹಗಲಿನ ದಾರಿ. ಹೋದರೆ ಅವನ ಒಂದು ಮಾತಿಗೆ ಹಳೆಯದೆಲ್ಲ ಎದ್ದು ಕೂತೀತು, ಇಷ್ಟು ದಿನ ಜೋಪಾನ ಮಾಡಿದ ಮನಸ್ಸು ಹಾಳಾದೀತು ಎಂದು ಅಡವೀಶನಿಗೆ ಹೆದರಿಕೆ. ಇನ್ನಷ್ಟು ಗಟ್ಟಿಯಾದ ಮೇಲೆ ಹೋದರಾಯಿತು ಎಂದುಕೊಂಡಿದ್ದ. ಆದರೆ ಅಣ್ಣ ಅಲ್ಲಿಯವರೆಗೆ ಇರುತ್ತಾನೋ ಇಲ್ಲವೋ ಅದು ಗೊತ್ತಿರಲಿಲ್ಲ.

ಗುರುಗಳು ಎಲ್ಲ ಕೇಳಿ, "ನಿನಗ ಕಾರು ಹೊಡ್ಯಾಕ ಬರ್ತದೇನು?" ಎಂದರು.

ಅಡವೀಶ ಬೆಪ್ಪಾದ. "ಇಲ್ರಿ ಅಜ್ಜಾರ, ಒಂದೆರಡು ಸಲ ಕುಂತೇನ್ರಿ."

"ಅಷ್ಟು ಸಾಕು, ಕೇಳು," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮನೆ ಒಂದು ಊರಿನಲ್ಲಿ, ಅಂಗಡಿ ದೂರದ ಇನ್ನೊಂದು ಊರಿನಲ್ಲಿ. ಹೆಂಡತಿ ಮನೆಯ ಊರಿನಲ್ಲೇ ಶಾಲೆಯ ಶಿಕ್ಷಕಿ. ಅವಳು ಕೆಲಸ ಬಿಡುವಂತಿರಲಿಲ್ಲ, ಇವನು ಅಂಗಡಿಯನ್ನು ಹೆಗಲ ಮೇಲೆ ಹೊತ್ತು ತರುವಂತಿರಲಿಲ್ಲ. ಆದ್ದರಿಂದ ದಿನವೂ ಬಸ್ಸು. ಮಗಳು ಏಳುವ ಮೊದಲೇ ಹೊರಡುತ್ತಿದ್ದ, ಅವಳು ಮಲಗಿದ ಮೇಲೆ ಬರುತ್ತಿದ್ದ. ರಜೆಯ ದಿನ ಮಾತ್ರ ತಂದೆ ಮಗಳ ಭೇಟಿ.

ಒಂದು ಸಲ ಬಸ್ಸಿನವರು ಮುಷ್ಕರ ಹೂಡಿದರು. ವ್ಯಾಪಾರಿ ಮನೆಯಲ್ಲೇ ಉಳಿದ. ಮಗಳು ಕಣ್ಣು ಉಜ್ಜಿಕೊಳ್ಳುತ್ತ ಎದ್ದು ಬಂದವಳು ಅವನನ್ನು ಕಂಡು ತಾಯಿಯನ್ನು ಕೇಳಿದಳು.

"ಅವ್ವಾ, ಇವತ್ತ ರವಿವಾರ ಅಲ್ಲಲ್ಲ, ಅಪ್ಪ ಯಾಕ ಮನ್ಯಾಗ ಅದಾನ?"

ಕೂಸಿನ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ವ್ಯಾಪಾರಿಗೆ ಚುಚ್ಚಿತು. ಮಗಳ ಜೊತೆ ಕೂತು ರಾತ್ರಿಯ ಊಟ ಮಾಡಲೇಬೇಕು, ಅದಕ್ಕೆ ಏನಾದರೂ ಸರಿ, ಸ್ವಂತ ಗಾಡಿ ಕೊಳ್ಳಲೇಬೇಕು ಎಂದು ಆ ಹೊತ್ತೇ ಗಟ್ಟಿ ಮಾಡಿದ.

ಆದರೆ ಯಾವ ಗಾಡಿ? ಕಂಡಕಂಡವರನ್ನೆಲ್ಲ ಕೇಳಿದ. ಅಂಗಡಿಗೆ ಬಂದ ಗಿರಾಕಿಗಳನ್ನೂ ಬಿಡಲಿಲ್ಲ. ಸೀರೆ ಕೇಳಲು ಬಂದವರು ಕಾರಿನ ಬಗ್ಗೆ ಉಪದೇಶ ಮಾಡಿ ಬರಿಗೈಯಲ್ಲಿ ಹೋದದ್ದೂ ಉಂಟು. ದಿನಾ ದೂರ ಹೋಗುವವನಿಗೆ ಡೀಸೆಲ್ಲೇ ಸರಿ ಎಂದರು. ಗಾಡಿ ದೊಡ್ಡದಿದ್ದರೆ ಬೆನ್ನು ಉಳಿಯುತ್ತದೆ ಎಂದರು. ದೊಡ್ಡ ಗಾಡಿ ಹೊಸದಾಗಿ ಕೈಗೆಟುಕುವುದಿಲ್ಲ, ಒಬ್ಬರು ಓಡಿಸಿ ಬಿಟ್ಟದ್ದಾದರೆ ಎಟುಕೀತು. ಹೀಗೆ ಸುತ್ತಿ ಬಳಸಿ ಅವನು ಒಬ್ಬ ಗುತ್ತಿಗೆದಾರನ ಮನೆಯ ಅಂಗಳಕ್ಕೆ ಬಂದು ನಿಂತ.

ಆ ಗುತ್ತಿಗೆದಾರ ಊರೂರಲ್ಲಿ ಸೇತುವೆ ಕಟ್ಟಿಸಿದವನು. ಮೊಣಕಾಲು ಹಿಡಿದುಕೊಂಡದ್ದರಿಂದ ಓಡಾಟ ನಿಲ್ಲಿಸಿದ್ದ. ಅವನ ಡೀಸೆಲ್ ಕಾರು ಪರದೇಶದ್ದು. ಉದ್ದ ಮೂತಿ, ಕಪ್ಪು ಬಣ್ಣ, ಒಳಗೆ ಬೆಣ್ಣೆ ಬಣ್ಣದ ತೊಗಲಿನ ಸೀಟು. ನೋಡಿದ ಕೂಡಲೇ ವ್ಯಾಪಾರಿಯ ಮನಸ್ಸು ಸೋತಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಅದೂ ಕಸುಬಿನ ಬುದ್ಧಿ.

ಸೀರೆಯ ಗುಣವನ್ನು ಅದರ ಹಿಂಬದಿ ತಿರುಗಿಸಿ ನೋಡುವುದು ಬಟ್ಟೆಯವರ ಅಭ್ಯಾಸ. ಕಾರನ್ನೂ ಅವನು ಹಾಗೆಯೇ ನೋಡಿದ. ಕಾಲಡಿಯ ಹಾಸು ಎತ್ತಿದ. ಡಿಕ್ಕಿಯ ಮುಚ್ಚಳದ ಒಳಮೈ ಸವರಿದ. ನೆಲಕ್ಕೆ ಕೈಯೂರಿ ಅಡಿಗೆ ಇಣುಕಿದ. ಸೀಟಿನ ಹೊಲಿಗೆಯನ್ನು ಉಗುರಿನಿಂದ ಎಳೆದೂ ನೋಡಿದ. ಎಲ್ಲೂ ದೋಷ ಸಿಗಲಿಲ್ಲ. ಕೊನೆಗೆ ಎಷ್ಟು ಓಡಿದೆ ಎಂದು ತೋರಿಸುವ ಮೀಟರ್ ಕಂಡು ಮುಖ ಸಣ್ಣದು ಮಾಡಿದ.

"ಭಾಳ ಓಡೇತಲ್ರಿ ಇದು?"

"ಓಡಿದ್ದಕ್ಕ ಹಿಂಗ ಐತ್ರಿ," ಎಂದ ಗುತ್ತಿಗೆದಾರ. "ನೀವೂ ಓಡಿಸ್ರಿ."

ಮಾರುವವನು ಇನ್ನೇನು ಹೇಳುತ್ತಾನೆ ಎಂದು ವ್ಯಾಪಾರಿ ಒಳಗೊಳಗೇ ನಕ್ಕ. ಚೌಕಾಶಿ ಮಾಡಿ ಕಾರು ತಂದ. ಮನೆಯ ಮುಂದೆ ತೆಂಗಿನಕಾಯಿ ಒಡೆದು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಮಗಳು ಹಿಂದಿನ ಸೀಟಿನಲ್ಲಿ ಕುಣಿದಳು. ಇದು ದೂರ ಹೋಗುವ ಗಾಡಿ ಎಂದು ಅವಳಿಗೆ ಹೇಳಿದ. ಮರುದಿನ ಅದರಲ್ಲೇ ಅಂಗಡಿಗೆ ಹೋಗಿ ಹೊತ್ತಿಗೆ ಮುಂಚೆ ಬಂದ. ಮಗಳು ಅವನ ತಟ್ಟೆಯಲ್ಲೇ ಕೈ ಹಾಕಿ ಉಂಡಳು. ಅಂದು ಅವನಿಗಾದ ಸುಖ ಇಷ್ಟು ಎಂದು ಹೇಳಲಾಗದು.

ಅದಾಗಿ ಸ್ವಲ್ಪ ದಿನಕ್ಕೆ ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಜಲ್ಲಿ ಲಾರಿಯಿಂದ ಒಂದು ಹರಳು ಸಿಡಿಯಿತು. ಕಾರಿನ ಮೂತಿಯ ಮೇಲೆ ಎಳ್ಳಿನಷ್ಟು ಬಣ್ಣ ಹಾರಿತು. ವ್ಯಾಪಾರಿ ಥಟ್ಟನೆ ಬ್ರೇಕು ಒತ್ತಿದ. ಗಾಡಿ ಬದಿಗೆ ನಿಲ್ಲಿಸಿ, ಆ ಎಳ್ಳನ್ನು ಬೆರಳಿನಿಂದ ಒರೆಸಿ ಒರೆಸಿ ನೋಡಿದ.

ಬಟ್ಟೆ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ. ಎಲ್ಲಕ್ಕಿಂತ ಒಳ್ಳೆಯ ರೇಷ್ಮೆ ಸೀರೆಯನ್ನು ಕಂಡವರ ಕೈಗೆ ಕೊಡುವುದಿಲ್ಲ. ತೆಳು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿ ಇಡುತ್ತಾರೆ. ಹಾಗೇ ಬಿಟ್ಟರೆ ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಅದಕ್ಕೆ ಆಗಾಗ ಹೊರಗೆ ತೆಗೆದು, ಮಡಿಕೆ ಬದಲಿಸಿ, ಮತ್ತೆ ಸುತ್ತಿ ಇಡುತ್ತಾರೆ. ಚಿಕ್ಕಂದಿನಿಂದ ವ್ಯಾಪಾರಿ ಕಲಿತದ್ದು ಇದನ್ನೇ. ಒಳ್ಳೆಯ ವಸ್ತುವನ್ನು ಕಾಯುವ ಬೇರೆ ರೀತಿ ಅವನಿಗೆ ಗೊತ್ತಿರಲಿಲ್ಲ.

ಅಂಗಡಿಯ ದಪ್ಪ ಬಟ್ಟೆಯಲ್ಲೇ ಕಾರಿಗೆ ಮುಸುಕು ಹೊಲಿಸಿದ. ತಾನು ಮತ್ತೆ ಬಸ್ಸು ಹತ್ತಿದ. ಬೆಳಿಗ್ಗೆ ಹೊರಡುವ ಮೊದಲು ಮುಸುಕು ತೆಗೆದು, ಕಾರು ಚಾಲೂ ಮಾಡಿ, ಓಣಿಯ ತುದಿಯ ಬೇವಿನ ಮರದವರೆಗೆ ಮೆಲ್ಲಗೆ ಹೋಗಿ, ತಿರುಗಿಸಿ ತಂದು ಮತ್ತೆ ಮುಸುಕು ಹಾಕುತ್ತಿದ್ದ. ಇದು ಅವನ ಲೆಕ್ಕದಲ್ಲಿ ಮಡಿಕೆ ಬದಲಿಸುವುದು. ಓಣಿಯವರೆಲ್ಲ ಗಾಡಿ ಎಷ್ಟು ಚೆಂದ ಇಟ್ಟಿದ್ದಾರೆ ಎಂದು ಹೊಗಳಿದರು. ಹೆಂಡತಿ ಮಾತ್ರ ಒಂದು ಸಲ ಕೇಳಿದಳು, ಬಸ್ಸಿಗೇ ಹೋಗುವುದಾದರೆ ಇದನ್ನು ತಂದದ್ದು ಯಾತಕ್ಕೆ ಎಂದು.

"ರಸ್ತೆ ಒಂದೀಟು ಛಲೋ ಆಗ್ಲಿ ತಡಿ," ಎಂದ ವ್ಯಾಪಾರಿ.

ರಸ್ತೆ ಆಯಿತು. ಆಮೇಲೆ ಮಳೆ ನಿಲ್ಲಲಿ ಎಂದ. ಮಳೆ ನಿಂತ ಮೇಲೆ ಧೂಳು ಎಂದ. ಮಗಳು ಮೊದಲಿನಂತೆ ತಂದೆ ಬರುವ ಮೊದಲೇ ಮಲಗತೊಡಗಿದಳು. ಈ ನಡುವೆ ಕಾರಿನ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ದೊಡ್ಡ ಗಾಡಿಗೆ ದೀಪಗಳೂ ಜಾಸ್ತಿ ಎಂದುಕೊಂಡು ವ್ಯಾಪಾರಿ ಸುಮ್ಮನಾದ.

ಶಾಲೆಗೆ ರಜೆ ಬಂತು. ಮಗಳು ಹಟ ಹಿಡಿದಳು. ಅಪ್ಪ ದಿನಾ ಹೋಗುವ ಜಾಗ ಎಂಥದು, ಅಲ್ಲಿ ಏನಿದೆ, ತಾನೂ ನೋಡಬೇಕು, ಅದೂ ಕಾರಿನಲ್ಲೇ ಹೋಗಬೇಕು. ವ್ಯಾಪಾರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವಳು ಹೊಸ ಲಂಗ ಹಾಕಿಕೊಂಡಳು, ಬುತ್ತಿ ಕಟ್ಟಿಸಿಕೊಂಡಳು. ಬೇವಿನ ಮರ ದಾಟಿದಾಗ ಚಪ್ಪಾಳೆ ತಟ್ಟಿದಳು.

ಊರ ಹೊರಗಿನ ಮೊದಲ ಏರಿನಲ್ಲೇ ಗಾಡಿಯ ಕಸುವು ಹೋಯಿತು. ಎಷ್ಟು ತುಳಿದರೂ ತೆವಳಿತೇ ಹೊರತು ಓಡಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಅವರನ್ನು ದಾಟಿ ಮುಂದೆ ಹೋದ. ಕೊನೆಗೆ ವ್ಯಾಪಾರಿ ಗಾಡಿ ನಿಲ್ಲಿಸಿ ಕೆಳಗಿಳಿದ. ಅವನು ದಿನವೂ ಹೋಗುವ ಬಸ್ಸು ಹಿಂದಿನಿಂದ ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಸಾವುಕಾರ್ರ, ಬರ್ರಿ, ನಿಮ್ಮ ಸೀಟ್ ಖಾಲಿ ಐತಿ," ಎಂದು ಕರೆದ. ಅವನು ಪ್ರೀತಿಯಿಂದಲೇ ಕರೆದದ್ದು. ವ್ಯಾಪಾರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬರುವುದಿಲ್ಲ ಎಂದು ಕೈಯಾಡಿಸಿದ. ಬಸ್ಸು ಹೋಯಿತು.

ಮಗಳು ಹಿಂದೆ ತಿರುಗಿ ನೋಡಿದಳು. ಅಲ್ಲಿಂದ ಓಣಿಯ ಬೇವಿನ ಮರ ಇನ್ನೂ ಕಾಣುತ್ತಿತ್ತು.

"ಅಪ್ಪಾ, ದೂರ ಅಂದ್ರ ಇಷ್ಟ ಏನು?"

ವ್ಯಾಪಾರಿಗೆ ಅಳು ಬಂತು. ಅಳು ನುಂಗಿದಾಗ ಸಿಟ್ಟು ಬಂತು. ಅಲ್ಲಿಂದಲೇ ಗುತ್ತಿಗೆದಾರನಿಗೆ ಫೋನು ಹಚ್ಚಿ, ಕೆಟ್ಟ ಗಾಡಿ ತಲೆಗೆ ಕಟ್ಟಿ ಮೋಸ ಮಾಡಿದಿರಿ ಎಂದು ಬಾಯಿಗೆ ಬಂದಂತೆ ಅಂದ. ಗುತ್ತಿಗೆದಾರ ಎಲ್ಲ ಕೇಳಿಸಿಕೊಂಡ. ಆಮೇಲೆ, ಇಷ್ಟು ದಿನ ಗಾಡಿಯನ್ನು ಹೇಗೆ ಇಟ್ಟಿದ್ದಿರಿ ಎಂದು ಕೇಳಿದ. ಆ ಸಿಟ್ಟಿನಲ್ಲೂ ವ್ಯಾಪಾರಿಯನ್ನು ಹೆಮ್ಮೆ ಬಿಡಲಿಲ್ಲ. ಮುಸುಕು ಹೊಲಿಸಿದ್ದನ್ನು ಹೇಳಿದ. ದಿನಾ ತಪ್ಪದೆ ಬೇವಿನ ಮರದವರೆಗೆ ಒಯ್ದು ತಂದದ್ದನ್ನು ಹೇಳಿದ. ಬಿಸಿಲಿಗಾಗಲಿ ಧೂಳಿಗಾಗಲಿ ಒಡ್ಡಲಿಲ್ಲ ಎಂದ.

"ಸಾವುಕಾರ್ರ, ಗಾಡಿ ಕೆಟ್ಟಿಲ್ಲ, ಉಸಿರು ಕಟ್ಟೇತಿ," ಎಂದ ಗುತ್ತಿಗೆದಾರ. "ಅದರ ಹೊಗಿ ಕೊಳವಿ ಒಳಗ ಮಸಿ ಹಿಡಿಯೋ ಜಾಲರಿ ಇರ್ತೈತ್ರಿ. ದೂರದ ದಾರಿ ಓಡಿ ಓಡಿ ಮೈ ಕಾದ್ರ ಆ ಮಸಿ ತಾನ ಸುಟ್ಟು ಹೋಗ್ತೈತಿ. ನೀವು ದಿನಾ ಹೊತ್ತಿಸಿ, ಕಾಯೋಕಿಂತ ಮೊದಲ ಆರಿಸೀರಿ. ಮಸಿ ಹುಟ್ಟಿತು, ಸುಡಲಿಲ್ಲ."

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರೆಕಾಯಿಯೂ ಮುಗಿಯುತ್ತ ಬಂದಿತ್ತು. ಅಡವೀಶ ಮುಂದಿನ ಮಾತಿಗೆ ಕಾದ. ಅವನ ಕಣ್ಣ ಮುಂದೆ ಏರಿನಲ್ಲಿ ಬುತ್ತಿ ಹಿಡಿದು ನಿಂತ ಹುಡುಗಿಯೇ ಇದ್ದಳು. ತಾನು ಕೇಳಲು ಬಂದ ಪ್ರಶ್ನೆ ಅವನಿಗೆ ಮರೆತೇ ಹೋಗಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಆಮ್ಯಾಲೆ ಏನಾತ್ರಿ ಅಜ್ಜಾರ? ಆ ಕೂಸು ಅಪ್ಪನ ಅಂಗಡಿ ನೋಡ್ತೋ ಇಲ್ಲೋ?"

ಗುರುಗಳು ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ ಮೊರದಲ್ಲಿ ತುಂಬಿದರು. ಕೈ ಝಾಡಿಸಿಕೊಂಡು ಶಿಷ್ಯನ ಮುಖ ನೋಡಿದರು.

"ನಿಮ್ಮ ಅಣ್ಣನ ಊರು ಎಷ್ಟು ದೂರ ಅಂದಿ?"