ಬಾನೆಟ್ ಬಿಸಿಯಿದ್ದ ಕಾರು

ಕಪಿಲಾ ಹೊಳೆ ದಂಡೇಲಿ, ನಮ್ಮ ಹಿತ್ತಲಿಗೆ ಅಂಟ್ಕೊಂಡಂಗೆ ಒಂದು ಆಶ್ರಮ. ಅಲ್ಲೊಬ್ರು ಬುದ್ಧಿಯೋರು. ಅವರಿಗೆ ಶಿವಮಲ್ಲು ಅಂತ ಒಬ್ಬ ಶಿಷ್ಯ.

ಶಿವಮಲ್ಲು ಮುಂಚೆ ಸಾವ್ಕಾರ್ರ ಮನೇಲಿ ಡ್ರೈವರ್ ಆಗಿದ್ದೋನು. ಸಂಸಾರ ಬಿಟ್ಟ, ಸಿಗರೇಟ್ ಬಿಟ್ಟ. ಕಾರಿನ ಆಸೆ ಮಾತ್ರ ಬಿಡ್ಲಿಲ್ಲ.

ಆಶ್ರಮಕ್ಕಿದ್ದದ್ದು ಒಂದು ಹಳೇ ಜೀಪು. ಸುತ್ತಲ ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದ್ರೂ ಆಸ್ಪತ್ರೆಗೆ ಅದೇ ಗತಿ.

ಒಂದಿನ ಮಧ್ಯಾಹ್ನ ಬ್ರೋಕರ್ ಉಮಾಪತಿ ಉದ್ದನೇ ಕರೀ ಕಾರಲ್ಲಿ ಬಂದಿಳಿದ. ಮೀಸೆಗೆ ಬಣ್ಣ, ಮೈಗೆ ಸೆಂಟು. ಮದುವೆ ಗಂಡು ಅನ್ಬೇಕು.

"ಬುದ್ಧಿ, ಕೋಟಿ ಬಾಳೋರು ಓಡಿಸಿದ ಕಾರಿದು. ಹಳೇ ಜೀಪಿಗೆ ಈಗ ಶೋಕಿ ಮಾಡೋರು ಕಾಯ್ತಾ ಅವ್ರೆ. ಅದನ್ನ ಕೊಡಿ, ಇದನ್ನ ಇಟ್ಕೊಳ್ಳಿ."

ಬುದ್ಧಿಯೋರು ಶಿಷ್ಯನ ಕಡೆ ತಿರುಗಿದ್ರು. "ಓಡ್ಸೋನು ನೀನು. ನೀನೇ ಹೇಳಪ್ಪ."

ಶಿವಮಲ್ಲು ಆಗ್ಲೇ ಕಾರೊಳಗೆ ಕೂತು ಗಾಜು ಇಳಿಸ್ತಿದ್ದ, ಏರಿಸ್ತಿದ್ದ. ಕೊಟ್ಬಿಡೋಣ ಅಂತ ಜೀಪಿನ ಕೀ ಕೈಯಲ್ಲೇ ಹಿಡ್ಕೊಂಡಿದ್ದ.

"ಒಳಗೆ ಹೆಂಗೈತೆ?"

"ಬೆಣ್ಣೆ ಬುದ್ಧಿ! ಸೀಟು ಮುಟ್ಟಿ ನೋಡಿ."

"ಸೀಟಲ್ಲ ಕಣೋ. ಇಂಜಿನ್ ಒಳಗೆ."

ಶಿವಮಲ್ಲು ಇಳಿದು ಬಂದು ದನಿ ತಗ್ಗಿಸಿದ. "ಇಂಥ ಕಾರಿಗೆ ಒಂದು ಕಾಯಿಲೆ ಬರೋದುಂಟು. ಪಿಸ್ಟನ್ ಓಡಾಡೋ ಸಿಲಿಂಡರ್ ಇರ್ತದಲ್ಲ, ಅದರ ಒಳಮೈಗೆ ನುಣ್ಣಗೆ ಒಂದು ಲೈನಿಂಗು. ಅದಕ್ಕೆ ಗೀರು ಬಿದ್ರೆ ಇಂಜಿನ್ನೇ ಬಿಚ್ಬೇಕು. ಅಲ್ಲೀಗಂಟ ಗಾಡಿ ಮೂಲೇಲಿ."

"ಗೊತ್ತಾಗೋದು ಹೆಂಗೆ?"

"ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿದ್ರೆ ಕಾಣ್ತದೆ. ಇಲ್ಲಾಂದ್ರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಬೇಕು, ಟಕಟಕ ಅಂತ ಬಡ್ಕೊಳ್ತದೆ. ಬಿಸಿಯಾದ್ಮೇಲೆ ಎಷ್ಟೋ ಸಲ ಗೊತ್ತೇ ಆಗಲ್ಲ."

"ಇಷ್ಟೆಲ್ಲ ಗೊತ್ತಿದ್ದೂ ನೋಡ್ಲಿಲ್ವಾ?"

"ಅಯ್ಯೋ, ಉಮಾಪತಿಯೋರು ಬೇಜಾರು ಮಾಡ್ಕೊಂಡಾರು ಬುದ್ಧಿ."

ಬುದ್ಧಿಯೋರು ಬಾನೆಟ್ ಮೇಲೆ ಕೈ ಇಟ್ರು. ಚಟ್ಟಂತ ತೆಗೆದ್ರು.

"ಉಮಾಪತಿ, ಊಟ ಮಾಡ್ಕೊಂಡು ಹೋಗಪ್ಪ."

"ಅರ್ಜೆಂಟೈತೆ ಬುದ್ಧಿ."

"ಇಲ್ಲಿಗೆ ಬಂದೋರು ಹಸ್ಕೊಂಡು ಹೋಗಂಗಿಲ್ಲ. ಪಾಯಸ ಐತೆ."

ಪಾಯಸ ಆಯ್ತು. ಎಲೆಅಡಿಕೆ ಆಯ್ತು. ಬುದ್ಧಿಯೋರು ಅವನ ತಾತನ ಸುದ್ದಿ ಕೇಳಿದ್ರು. ಆ ಮನೆತನದ ಹಣೆಬರ ಅವನಿಗಿಂತ ನಮ್ಮ ಬೀದಿಗೇ ಚೆನ್ನಾಗಿ ಗೊತ್ತು. ಆದ್ರೂ ಬಡಾಯಿ ಕೊಚ್ಚಿದ್ದೇ ಕೊಚ್ಚಿದ್ದು.

ನಡುವೆ ಎದ್ದ. "ಕಾರು ಸ್ಟಾರ್ಟ್ ಮಾಡಿ ಒಸಿ ಎಸಿ ಹಾಕ್ಬಿಟ್ಟು ಬತ್ತೀನಿ ಬುದ್ಧಿ."

"ಒಳಗೆ ಯಾರೂ ಇಲ್ವಲ್ಲಪ್ಪ, ಸೆಖೆ ಯಾರಿಗೆ? ಕೂತ್ಕೊ. ನಿಮ್ಮ ತಾತನ ಕತೆ ಈಗಿನ್ನೂ ಎರಡನೇ ಮದುವೆಗೆ ಬಂದೈತೆ."

ಕೂತ.

ಹೊತ್ತು ಇಳೀತು. ಬುದ್ಧಿಯೋರು ಇನ್ನೊಂದ್ಸಲ ಬಾನೆಟ್ ಮುಟ್ಟಿದ್ರು. ಹೊಳೆ ಕಲ್ಲಿನಂಗೆ ತಣ್ಣಗಿತ್ತು.

"ಈಗ ಸ್ಟಾರ್ಟ್ ಮಾಡು."

ಉಮಾಪತಿ ಕೀ ಕೈಯಲ್ಲೇ ಇಟ್ಕೊಂಡು ಜೇಬೆಲ್ಲ ತಡಕಾಡಿದ. ಆಮೇಲೆ ವಿಧಿಯಿಲ್ಲದೆ ತಿರುವಿದ.

ಟಕ ಟಕ ಟಕ ಟಕ. ಹಿಂದುಗಡೆಯಿಂದ ಬುಸ್ ಅಂತ ನೀಲಿ ಹೊಗೆ. ನಮ್ಮ ಕೋಳಿಗಳೆಲ್ಲ ಬೇಲಿ ಹಾರಿ ಓಡಿದ್ವು.

"ದೊಡ್ಡ ಕಾರು, ಎದ್ದ ತಕ್ಷಣ ಹಂಗೇ ಕೆಮ್ಮೋದು" ಅಂದ ಉಮಾಪತಿ.

ಶಿವಮಲ್ಲು ಜೀಪಿನ ಕೀ ಸೊಂಟಕ್ಕೆ ಸಿಗಿಸ್ಕೊಂಡ. "ಮೊದ್ಲು ಕಷಾಯ ಕುಡಿಸಣ್ಣ. ನಮ್ಮ ಜೀಪು ಇಲ್ಲೇ ಇರ್ಲಿ."

ಕರೀ ಕಾರು ಕೆಮ್ಕೊಂಡೇ ರೋಡು ಹತ್ತಿತು.

ಶಿವಮಲ್ಲು ಹಲ್ಲು ಕಡಿದ. "ಥೂ, ಎಂಥ ಕಳ್ಳ ಇವನು ಬುದ್ಧಿ! ನಾಳೆ ಯಾವುದೋ ಹೆಣ್ಮಗಳು ನೋವು ತಿಂತಾ ಕೂತಿರೋಳು, ನಾನು ಈ ಡಬ್ಬ ತಳ್ತಾ ನಿಂತಿರ್ತಿದ್ದೆ. ಎಷ್ಟು ನಾಜೂಕಾಗಿ ನನ್ನ ತಲೆಗೆ ಕಟ್ಟೋಕೆ ಬಂದಿದ್ದ!"

ಬುದ್ಧಿಯೋರು ನಕ್ರು.

"ಪಾಪ, ಅವನ್ಯಾಕೆ ಬಯ್ತೀಯ? ಅವನು ಕಾರು ತಂದು ನಿಲ್ಲಿಸ್ದ, ಅಷ್ಟೆ. ನಿನಗೆ ಅದನ್ನ ಮಾರಿದೋನು ನೀನೇ. ಓಡು, ಕಮಿಷನ್ ಈಸ್ಕೊಂಡು ಬಾ."