ಬ್ರೇಕ್ ಪ್ಯಾಡ್ ಮತ್ತು ದೃಷ್ಟಿಯ ನಿಂಬೆಹಣ್ಣು

ಪಾತ್ರೆ ಅಂಗಡಿಯ ಗುರುಬಸಪ್ಪನವರು ಪ್ರತಿ ಅಮಾವಾಸ್ಯೆಗೂ ತಮ್ಮ ಕಾರಿನ ಬಂಪರಿಗೆ ಹೊಸ ನಿಂಬೆಹಣ್ಣು ಕಟ್ಟುತ್ತಿದ್ದರು. ಬ್ರೇಕ್ ಪ್ಯಾಡನ್ನು ಮಾತ್ರ ಖರ್ಚಿಗೆ ಹೆದರಿ ಬದಲಾಯಿಸಿಯೇ ಇರಲಿಲ್ಲ. ಅದು ಸವೆದು ಸವೆದು ತೆಳ್ಳಗಾಗಿ, ಬ್ರೇಕ್ ತುಳಿದಾಗಲೆಲ್ಲ ಕಿರುಚುತ್ತಿತ್ತು. ಆಗ ಅವರು ರೇಡಿಯೊ ಜೋರು ಮಾಡುತ್ತಿದ್ದರು. ಅದಕ್ಕೆ ದುಡ್ಡು ಬೇಕಿರಲಿಲ್ಲ.

"ಬಾಯಿ ಮುಚ್ಚಯ್ಯಾ," ಎಂದಿತು ನಿಂಬೆಹಣ್ಣು. "ನನ್ನ ಹಾಗೆ ಅಗ್ಗವಾಗಿರೋದು ಕಲಿ. ಯಜಮಾನರನ್ನ ಕಾಪಾಡೋಕೆ ನಾನಿದ್ದೀನಿ."

"ನೀನು ಮುಂದೆ ತೂಗಾಡ್ತೀಯ, ನಾನು ಕೆಳಗೆ ಸವೀತೀನಿ," ಎಂದಿತು ಪ್ಯಾಡ್. "ಸುಮ್ಮನಿರು ಅನ್ನೋಕೆ ನೀನ್ಯಾರು? ಮೈಯಲ್ಲಿ ಚೂರು ಉಳಿದಿರೋ ತನಕ ಕಿರುಚ್ತೀನಿ."

ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಗುರುಬಸಪ್ಪನವರು ಬ್ರೇಕ್ ತುಳಿದರು. ಬೀದಿಯ ಜನರೆಲ್ಲ ತಿರುಗಿ ನೋಡುವಂತೆ ಅರಚುತ್ತ, ಪ್ಯಾಡ್ ಹಲ್ಲು ಕಚ್ಚಿ ಚಕ್ರವನ್ನು ಹಿಡಿಯಿತು. ಬಂಪರು ಲಾರಿಗೆ ತಾಗಿತಷ್ಟೆ. ನಡುವೆ ಸಿಕ್ಕ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಗುರುಬಸಪ್ಪನವರು ಇಳಿದು ಬಂದು ಹಣ್ಣಿನ ಸಿಪ್ಪೆಗೆ ಕೈಮುಗಿದರು. "ಐದು ರೂಪಾಯಿಗೆ ಎಂಥಾ ಗಂಡಾಂತರ ಕಳೀತಪ್ಪಾ!" ಎಂದರು. ಮರುದಿನ ಎರಡು ಹಣ್ಣು ಕಟ್ಟಿದರು.

ಮೊದಲ ತಿರುವಿನಲ್ಲೇ ಹೊಸ ಹಣ್ಣುಗಳು ಬೆಚ್ಚಿಬಿದ್ದವು. "ಯಾರದು ಕೆಳಗೆ ಕಿರುಚೋದು? ಸುಮ್ಮನಿರೋಕಾಗಲ್ವಾ?"

"ಕಿರುಚಿದ್ದಕ್ಕೆ ಹೆದರಬೇಡಿ," ಎಂದಿತು ಪ್ಯಾಡ್. "ನಾನು ಸುಮ್ಮನಾದ ದಿನ ಹೆದರಿ."

ಮುಂದಿನ ತಿರುವಿನಲ್ಲಿ ಅದು ಇನ್ನೂ ಜೋರಾಗಿ ಕಿರುಚಿತು.