ಹೊಳೆಗೆ ಬಿಡುವ ಮುಂಚೆ

ಪಟ್ಟಣದ ಕೆಳಗೆ, ಹೊಳೆಯ ದಂಡೆಯಲ್ಲಿ ಅಡವಯ್ಯಜ್ಜನ ಆಶ್ರಮ. ಸಂಕಟ ಇದ್ದವರು, ಜಗಳ ಆಡಿಕೊಂಡವರು, ಸುಮ್ಮನೆ ಮಾತಿನ ಚಪಲದವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಅಜ್ಜನಿಗೆ ವಯಸ್ಸಾದ ಮೇಲೆ ಬಂದವರ ಮಾತು ಕೇಳುವ ಕೆಲಸ ಶಿಷ್ಯ ಕಲ್ಮೇಶನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಒಬ್ಬ ಬಂದು ಕಲ್ಮೇಶನ ಮುಂದೆ ತನ್ನ ಒಡಹುಟ್ಟಿದವನನ್ನೇ ಬಾಯಿಗೆ ಬಂದಂತೆ ಬೈದು ಹೋದ. ಅವನ ಬೆನ್ನಿಗೇ ನೀಲವ್ವ ಬಂದಳು. ಹೊಳೆಯ ಕೆಳಗಿನ ಹಳ್ಳಿಯ ಮುದುಕಿ, ದಿನಾ ಆಶ್ರಮಕ್ಕೆ ಮೊಸರು ತರುವವಳು.

"ಇವತ್ತು ಒಂಚೂರು ಹುಳಿ ಆಗೇತ್ರಿ," ಅಂದಳು, ಅಷ್ಟೆ.

ಕಲ್ಮೇಶ ಅವಳ ಮೇಲೆ ಹರಿಹಾಯ್ದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಸರಿನ ಗಡಿಗೆ ಎತ್ತಿಕೊಂಡು ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಕಲ್ಮೇಶ ಬಟ್ಟೆಬರೆ ಗಂಟು ಕಟ್ಟಿದ್ದ.

"ನಾ ಗುಡ್ಡಕ್ಕ ಹೋಗಿ ಒಬ್ಬನ ಇರ್ತೀನ್ರಿ ಅಜ್ಜಾರ. ಊರ ಹೊಲಸೆಲ್ಲಾ ತಂದು ನನ್ನ ಕಿವ್ಯಾಗ ಸುರೀತಾರ. ಇನ್ನ ನನ್ನ ಕೈಲೆ ಆಗಂಗಿಲ್ಲ."

"ಹೋಗುವಂತಿ," ಅಂದರು ಅಜ್ಜ. "ಮೊದಲ ನನ್ನ ಕೈ ಹಿಡಿ. ಒಂದಿಷ್ಟು ಅಡ್ಡಾಡಿ ಬರೂಣು."

ಹೋದದ್ದು ಪಟ್ಟಣದ ಚರಂಡಿ ನೀರು ಶುದ್ಧ ಮಾಡುವ ಘಟಕಕ್ಕೆ. ಗೇಟಿನಲ್ಲೇ ಕಲ್ಮೇಶ ಮೂಗು ಮುಚ್ಚಿಕೊಂಡ.

"ಹೆಸರು ನೋಡಿದ್ರ ಕಲ್ಮೇಶ. ಕಲ್ಮಷ ಕಂಡ್ರ ಓಡ್ತಿಯಲ್ಲೋ!" ಅಜ್ಜ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ಘಟಕ ನೋಡಿಕೊಳ್ಳುವ ಮಾಬುಸಾಬ ಅಜ್ಜನ ಹಳೆಯ ಗೆಳೆಯ. ಬಟ್ಟೆ ಚೂರು, ಪ್ಲಾಸ್ಟಿಕ್ಕು ತಡೆಯುವ ಕಬ್ಬಿಣದ ಜಾಲರಿ ತೋರಿಸಿದ. ಆಮೇಲೆ ಕಂದು ನೀರು ಕೊತಕೊತ ಕುದಿಯುವಂತಿದ್ದ ದೊಡ್ಡ ತೊಟ್ಟಿ.

"ಕುದಿಯೂದಲ್ರಿ, ಗಾಳಿ ಊದ್ತೀವಿ. ಕಣ್ಣಿಗೆ ಕಾಣದ ಜೀವ ಅದಾವ ಇದರಾಗ. ಉಸಿರು ಕೊಟ್ರ ಸಾಕು, ಹೊಲಸೆಲ್ಲಾ ತಿಂತಾವ."

ಮುಂದಿನ ತೊಟ್ಟಿಯಲ್ಲಿ ಸದ್ದಿರಲಿಲ್ಲ. ಕೆಸರು ತಳಕ್ಕಿಳಿದು, ಮೇಲಿನ ತಿಳಿನೀರು ಅಂಚು ದಾಟುತ್ತಿತ್ತು.

"ತಳದ ಕೆಸರು ಏನ್ ಮಾಡ್ತೀರಿ?" ಕಲ್ಮೇಶ ಕೇಳಿದ. ಮೂಗಿನ ಮೇಲಿನ ಕೈ ಯಾವಾಗಲೋ ಇಳಿದಿತ್ತು.

"ಹೆಚ್ಚಾದದ್ದು ತೆಗೆದು ಒಣಗಸ್ತೀವಿ. ಉಳಿದದ್ದು ತಿರುಗಿ ಗಾಳಿ ತೊಟ್ಟಿಗೇ."

"ತೆಗೆದ ಹೊಲಸು ಮತ್ತ ಒಳಗಾ? ಪೂರಾ ಚೆಲ್ಲಬಾರದಾ?"

"ಆ ಜೀವ ಇರೂದ ಅದರಾಗ್ರಿ. ಪೂರಾ ಚೆಲ್ಲಿದ್ರ ನಾಳೆ ಬರೂ ಹೊಲಸು ತಿನ್ನವ್ರು ಯಾರು? ಅದು ನಮ್ಮ ಹೆಪ್ಪು."

ಮೂವರೂ ನೀರು ಹೊಳೆ ಸೇರುವಲ್ಲಿಗೆ ಬಂದರು. ಅಲ್ಲಿ ಸಣ್ಣ ಮೀನು ಆಡುತ್ತಿದ್ದವು. ದೂರದಲ್ಲಿ ನೀಲವ್ವನ ಹಳ್ಳಿಯ ಎಮ್ಮೆಗಳು ಕುತ್ತಿಗೆವರೆಗೂ ನೀರಿಗಿಳಿದು ಸುಖವಾಗಿದ್ದವು.

"ಈ ತೊಟ್ಟಿ ಇರಲಿಲ್ಲಾಂದ್ರ?" ಅಜ್ಜ ಕೇಳಿದರು.

"ಬಂದದ್ದು ಬಂದಂಗ ಹೊಳಿಗೆ," ಅಂದ ಮಾಬುಸಾಬ. "ಮೀನು ಉಸಿರು ಕಟ್ಟಿ ಸಾಯ್ತಾವ. ಕೆಳಗಿನವ್ರು ಎಮ್ಮಿ ಸೈತ ಇಳಸಂಗಿಲ್ಲ."

ಅಜ್ಜ ಶಿಷ್ಯನ ಕಡೆ ತಿರುಗಿದರು. "ಮುಂಜಾನೆ ಆ ಮನಷ್ಯಾ ತಂದು ಸುರುವಿದ್ದನ್ನ ನೀ ಎಲ್ಲಿ ಬಿಟ್ಟಿ, ಮಗಾ?"

ಕಲ್ಮೇಶ ಎಮ್ಮೆಗಳ ಕಡೆ ನೋಡಿದ.

"ನೀಲವ್ವನ ಮ್ಯಾಲ್ರಿ. ಬಂದದ್ದು ಬಂದಂಗ." ಅವನ ಕಣ್ಣು ತುಂಬಿದವು. "ಆ ಮುದುಕಿ ಮುಖ ನೆನಸಿದ್ರ ಒಳಗ ಸುಡ್ತೇತಿ ಅಜ್ಜಾರ. ನಾ ಈ ಕೆಲಸಕ್ಕ ಲಾಯಕ್ಕಿಲ್ಲ. ಈ ಸಂಕಟ ಎಲ್ಲಿ ಚೆಲ್ಲಲಿ?"

"ಪೂರಾ ಚೆಲ್ಲಬ್ಯಾಡ. ನಾಳೆ ಬರೂದನ್ನ ತಿನ್ನಾಕ ಒಂದಿಷ್ಟು ಉಳಿಸ್ಕೊ," ಅಂದರು ಅಜ್ಜ, ಅವನ ಬೆನ್ನ ಮೇಲೆ ಕೈಯಾಡಿಸುತ್ತ. ತಮ್ಮ ಕೂಸನ್ನು ಸವರಿದಷ್ಟು ಅಕ್ಕರೆ ಆ ಕೈಯಲ್ಲಿತ್ತು.

ಕಲ್ಮೇಶ ಮುಖ ಒರೆಸಿಕೊಂಡ. "ಹಂಗಾದ್ರ ನಾ ಈಗ ಏನ್ ಮಾಡ್ಲ್ರಿ?"

"ಆಶ್ರಮದಾಗ ಹಾಲು ಕಾಸಿ ಇಟ್ಟೇನಿ. ನೀಲವ್ವನ ಮನಿಗೆ ಹೋಗಿ, ಒಂಚೂರು ಹೆಪ್ಪು ಕೇಳಿ ಇಸ್ಕೊಂಡು ಬಾ."